ಮಂಗಳೂರಿನ ಸೆಕೆಯಲ್ಲೂ ವೈನ್ ಸರಿಯಾಗಿ ಇಡುವ ಅಂಗಡಿ, ಅಲ್ಲಿ ಕಡಿಮೆ ದುಡ್ಡಿಗೆ ಸಿಗುವ ಒಳ್ಳೆಯ ಬಾಟಲಿಗಳು

ಕಾಪಿಕಾಡಿನಿಂದ ಬಿಜೈ ಕಡೆ ಬರುವಾಗ ಸಿಗುವ ವೈನ್ಸ್ ಅಂಗಡಿ ಇದು. ಹೊರಗಿನಿಂದ ನೋಡಿದರೆ ಊರಿನ ಉಳಿದ ಅಂಗಡಿಗಳ ಹಾಗೆಯೇ ಇದೆ. ಕಬ್ಬಿಣದ ಗ್ರಿಲ್, ಅದರ ಮುಂದೆ ಜನ, ರಸ್ತೆ ಬದಿಯಲ್ಲಿ ಸ್ಕೂಟರ್ ಸಾಲು. ಆದರೆ ಪಕ್ಕಕ್ಕೆ ಒಂದು ಗಾಜಿನ ಬಾಗಿಲಿದೆ. ಅದನ್ನು ತಳ್ಳಿ ಒಳಗೆ ಹೋದರೆ ಎಸಿ ಹಾಕಿದ ಸಣ್ಣ ಕೋಣೆ. ಅಲ್ಲಿ ವೈನ್ ಬಾಟಲಿಗಳನ್ನು ಮಲಗಿಸಿ ಇಟ್ಟಿದ್ದಾರೆ. ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ, ಹಿಂದಿನ ಲೇಬಲ್ ಓದಿ, ಬೇಡ ಅನಿಸಿದರೆ ವಾಪಸ್ ಇಟ್ಟು ಬರಬಹುದು. ಯಾರೂ ಅವಸರ ಮಾಡುವುದಿಲ್ಲ. ಈ ಕೋಣೆಯ ಕಾರಣಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 2003ರಿಂದ ಎಲ್ಲ ಮದ್ಯವೂ ಸರಕಾರದ ಸಗಟು ಸಂಸ್ಥೆ ಕೆಎಸ್‌ಬಿಸಿಎಲ್‌ನ ಡಿಪೋ ಮೂಲಕವೇ ಅಂಗಡಿಗೆ ಬರಬೇಕು. ಬಾಟಲಿಯ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಹಾಗಾಗಿ ಒಂದೇ ಬಾಟಲಿ ಹಂಪನಕಟ್ಟೆಯಲ್ಲಿ ತೆಗೆದುಕೊಂಡರೂ ಅಷ್ಟೇ, ಸುರತ್ಕಲ್‌ನಲ್ಲಿ ತೆಗೆದುಕೊಂಡರೂ ಅಷ್ಟೇ, ಎಂಎಸ್‌ಐಎಲ್‌ನಲ್ಲಿ ತೆಗೆದುಕೊಂಡರೂ ಅಷ್ಟೇ. ಬೆಲೆಯಲ್ಲಿ ವ್ಯತ್ಯಾಸ ಇಲ್ಲ ಅಂದಮೇಲೆ ಅಂಗಡಿಯನ್ನು ಯಾವ ಆಧಾರದ ಮೇಲೆ ಆರಿಸಬೇಕು? ಬಾಟಲಿಯನ್ನು ಅವರು ಹೇಗೆ ಇಟ್ಟಿದ್ದಾರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರಾ, ಎರಡೇ ವಿಷಯ.

ವಿಸ್ಕಿ, ರಮ್, ಬ್ರಾಂದಿಗೆ ಇಡುವ ಜಾಗ ಅಷ್ಟು ಮುಖ್ಯ ಅಲ್ಲ. ಅವುಗಳಲ್ಲಿ ಹೆಚ್ಚಿನವು ಶೇಕಡಾ 42.8 ಆಲ್ಕೋಹಾಲ್ ಇರುವಂಥವು. ಸೀಲ್ ಒಡೆಯದ ಬಾಟಲಿಯನ್ನು ಬಿಸಿಲು ನೇರ ಬೀಳದ ಕಡೆ ಇಟ್ಟರೆ ಸಾಕು, ಎಷ್ಟು ದಿನ ಕೂತರೂ ಹಾಳಾಗುವುದಿಲ್ಲ. ವೈನ್ ಹಾಗಲ್ಲ. ಅದರಲ್ಲಿ ಶೇಕಡಾ 12, 13 ಅಷ್ಟೇ. ಬಿಸಿ ತಾಗಿದರೆ ಕೆಡುತ್ತದೆ. ನಮ್ಮೂರಿನ ಏಪ್ರಿಲ್, ಮೇ ತಿಂಗಳ ಸೆಕೆ ನಿಮಗೆ ಗೊತ್ತು. ಶಟರ್ ಹಾಕಿದ ಅಂಗಡಿಯ ಒಳಗೆ ರಾತ್ರಿಯೂ ಬೇಗೆ ಇಳಿಯುವುದಿಲ್ಲ. ಟ್ಯೂಬ್‌ಲೈಟ್ ಹತ್ತಿರ, ಮೇಲಿನ ಷೆಲ್ಫಿನಲ್ಲಿ, ನೆಟ್ಟಗೆ ನಿಲ್ಲಿಸಿದ ವೈನ್ ಬಾಟಲಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬೆಂದೇ ಹೋಗಿರುತ್ತದೆ. ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುತ್ತದೆ, ಇಲ್ಲವೇ ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ಆ ಬಾಟಲಿ ಎರಡು ಸಾವಿರದ್ದಾದರೂ ಒಂದೇ, ಏಳುನೂರರದ್ದಾದರೂ ಒಂದೇ.

ನಗರದ ಇನ್ನೊಂದು ಅಂಗಡಿಯಲ್ಲಿ ನಾನು ತಂದ ಒಂದು ಬಿಳಿ ವೈನ್ ಹಾಗೇ ಆಗಿತ್ತು. ತೆಳು ಹಳದಿ ಇರಬೇಕಾದದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ಹಣ್ಣಿನ ಪರಿಮಳದ ಜಾಗದಲ್ಲಿ ಬೇಯಿಸಿದ ಜಾಮಿನ ವಾಸನೆ. ವಾಪಸ್ ತೆಗೆದುಕೊಂಡು ಹೋದರೆ "ಸೀಲ್ ಒಡೆದಿದ್ದೀರಲ್ಲ" ಅಂದರು. ಒಡೆಯದೆ ಗೊತ್ತಾಗುವುದು ಹೇಗೆ ಹೇಳಿ? ತಪ್ಪು ವೈನ್ ಮಾಡಿದವರದ್ದಲ್ಲ. ಅದೇ ವೈನನ್ನು ಆಮೇಲೆ ಈ ಬಿಜೈ ಅಂಗಡಿಯಿಂದ ತಂದೆ. ಎಷ್ಟು ಚೆನ್ನಾಗಿತ್ತು ಅಂದರೆ, ಎರಡೂ ಒಂದೇ ಕಂಪನಿಯದ್ದು ಅಂತ ನಮ್ಮ ಮನೆಯವರು ನಂಬಲಿಲ್ಲ.

ನೋಡಿ, ಕೊಳ್ಳುವ ಮೊದಲೇ ಕೆಲವು ಸಂಗತಿ ಗೊತ್ತಾಗುತ್ತದೆ. ಕಾರ್ಕ್ ಇರುವ ಬಾಟಲಿಯಾದರೆ ಮೇಲಿನ ಕವಚದ ಮೇಲೆ ಬೆರಳಾಡಿಸಿ. ಉಬ್ಬಿದ್ದರೆ ಅಥವಾ ಅಂಟಂಟು ಇದ್ದರೆ ಬಿಟ್ಟುಬಿಡಿ. ಬಿಳಿ ವೈನನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿ. ಲೇಬಲ್ ಮೇಲೆ ದ್ರಾಕ್ಷಿ ಕೊಯ್ದ ವರ್ಷ ಇದ್ದರೆ ಓದಿ. ಕಡಿಮೆ ಬೆಲೆಯ ಬಿಳಿ ವೈನ್, ಗುಲಾಬಿ ಬಣ್ಣದ ರೋಸೆ ವೈನ್ ಇಟ್ಟು ಹಳೆಯದು ಮಾಡುವುದಕ್ಕೆ ಮಾಡಿದ್ದಲ್ಲ, ಬೇಗ ಕುಡಿಯುವುದಕ್ಕೆ ಮಾಡಿದ್ದು. ಹಾಗಾಗಿ ಹೊಸ ವರ್ಷದ್ದೇ ಒಳ್ಳೆಯದು. ತಿರುಪು ಮುಚ್ಚಳ ಕಂಡರೆ ಅಗ್ಗದ ಮಾಲು ಅಂತ ಮೂಗು ಮುರಿಯಬೇಡಿ. ನಮ್ಮಂಥ ಊರಿಗೆ ಕಾರ್ಕಿಗಿಂತ ಅದೇ ಸರಿ.

ಈ ಅಂಗಡಿಯ ಇನ್ನೊಂದು ವಿಷಯ ಹೇಳಲೇಬೇಕು. ನಾನು ಹೆಂಗಸು. ಗ್ರಿಲ್ ಮುಂದೆ ಗಂಡಸರ ಗುಂಪಿನ ನಡುವೆ ನಿಂತು ಜೋರಾಗಿ ಬ್ರಾಂಡ್ ಹೆಸರು ಹೇಳಿ ಬಾಟಲಿ ತೆಗೆದುಕೊಳ್ಳುವುದು ನಮ್ಮೂರಿನಲ್ಲಿ ಇವತ್ತಿಗೂ ಸುಲಭ ಅಲ್ಲ. ಹಾಗಾಗಿ ಎಷ್ಟೋ ಹೆಂಗಸರು ಅಣ್ಣನನ್ನೋ ಗಂಡನನ್ನೋ ಕಳಿಸುತ್ತಾರೆ, ಅವರು ಕೈಗೆ ಸಿಕ್ಕಿದ್ದನ್ನು ತರುತ್ತಾರೆ. ಇಲ್ಲಿ ಹಾಗಿಲ್ಲ. ಒಳಗೆ ಹೋದರೆ ಕೌಂಟರಿನ ಅಣ್ಣ "ದಾದ ಬೋಡು ಅಕ್ಕಾ?" ಅಂತ ಕೇಳುತ್ತಾರೆ, ಏನು ಬೇಕು ಅಂತ, ಅಕ್ಕಿ ಅಂಗಡಿಯಲ್ಲಿ ಕೇಳುವಷ್ಟೇ ಸಹಜವಾಗಿ. ಎಷ್ಟು ದುಡ್ಡಿನೊಳಗೆ ಬೇಕು ಅಂದರೆ ಆ ದುಡ್ಡಿನೊಳಗೇ ತೋರಿಸುತ್ತಾರೆ. ಒಮ್ಮೆ ನಾನೇ ಆರಿಸಿ ತೆಗೆದ ಒಂದು ಬಾಟಲಿಯನ್ನು ಅವರು ಕೈಯಿಂದ ವಾಪಸ್ ತೆಗೆದುಕೊಂಡರು. "ಉಂದು ಬೊಡ್ಚಿ ಅಕ್ಕಾ, ಬತ್ತ್‌ದ್ ಮಸ್ತ್ ದಿನ ಆಂಡ್." ಬಂದು ತುಂಬಾ ದಿನ ಆಗಿದೆ, ಬೇಡ ಅಂತ. ತನ್ನದೇ ಮಾಲನ್ನು ಬೇಡ ಅನ್ನುವ ವ್ಯಾಪಾರಿ ಸಿಗುವುದು ಕಷ್ಟ. ಅಂದಿನಿಂದ ವೈನ್ ಬೇಕು ಅಂದರೆ ನಾನು ಬೇರೆ ಕಡೆ ಹೋಗಿಲ್ಲ.

ಇನ್ನು ಏನು ತರಬೇಕು ಅನ್ನುವ ವಿಷಯ. ಬೆಲೆ ಬಜೆಟ್ ಬಂದಾಗೆಲ್ಲ ಬದಲಾಗುತ್ತದೆ, ಆದ್ದರಿಂದ ನಾನು ರೂಪಾಯಿ ಲೆಕ್ಕ ಬರೆಯುವುದಿಲ್ಲ. ಬಾಟಲಿ ಮೇಲೆ ಇದ್ದದ್ದನ್ನು ನೋಡಿಕೊಳ್ಳಿ. ನನ್ನ ಲೆಕ್ಕ ಇಷ್ಟೇ: ಭಾನುವಾರದ ಊಟಕ್ಕೆ, ನಾಲ್ಕು ಜನ ಹಂಚಿಕೊಂಡರೆ ಯಾರಿಗೂ ಹೊರೆ ಅನಿಸಬಾರದು.

ಮೊದಲು ವೈನ್ ಕುಡಿಯುವವರಿಗೆ ಶೆನಿನ್ ಬ್ಲಾಂಕ್. ಇದು ದ್ರಾಕ್ಷಿಯ ಹೆಸರು. ಸುಲಾದವರದ್ದು ಎಲ್ಲ ಕಡೆ ಸಿಗುತ್ತದೆ, ಗ್ರೋವರ್‌ನವರದ್ದೂ ಇದೆ. ಸುಲಾ ಮೂಲ ನಾಸಿಕ್‌ನದು, ಚನ್ನಪಟ್ಟಣದ ಹತ್ತಿರವೂ ಅವರ ವೈನರಿ ಇದೆ. ಸುಲಾದ್ದರಲ್ಲಿ ಸ್ವಲ್ಪವೇ ಸ್ವಲ್ಪ ಸಿಹಿ ಉಳಿದಿರುತ್ತದೆ, ಪೇರಳೆ, ಅನಾನಸಿನ ಪರಿಮಳ. ಆ ಸಿಹಿ ನಮ್ಮ ಅಡುಗೆಗೆ ತುಂಬಾ ಬೇಕು. ಬಂಗುಡೆ ಪುಳಿಮುಂಚಿಯ ಹುಳಿ, ಖಾರದ ಜೊತೆ ಬೇರೆ ಯಾವ ವೈನನ್ನೂ ನಾನು ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ, ಚೆನ್ನಾಗಿ ತಣ್ಣಗಾಗಿರಬೇಕು ಅಷ್ಟೇ. ಕಾಣೆ ರವಾ ಫ್ರೈಗೆ ಸಾವಿಗ್ನೋನ್ ಬ್ಲಾಂಕ್ ಇನ್ನೂ ಚೆನ್ನ. ಅದು ಸಿಹಿ ಇಲ್ಲದ್ದು, ಸ್ವಲ್ಪ ಚುರುಕು ಹುಳಿ. ಮೀನಿನ ಮೇಲೆ ನಿಂಬೆ ಹಿಂಡಿದ ಕೆಲಸವನ್ನು ಅದು ಮಾಡುತ್ತದೆ.

ಕೆಂಪು ವೈನಿನ ವಿಷಯದಲ್ಲಿ ನಮ್ಮವರಿಗೆ ಒಂದು ತೊಂದರೆ ಇದೆ. ಮಂಗಳೂರಿನವರು ವೈನ್ ಅಂತ ಮೊದಲು ಬಾಯಿಗೆ ಹಾಕಿದ್ದು ಹೆಚ್ಚಾಗಿ ಕ್ರಿಸ್‌ಮಸ್ ಸಮಯದಲ್ಲಿ ಪಕ್ಕದ ಮನೆಯ ಬಾಯಮ್ಮ ಕುಸ್ವಾರ್ ತಿಂಡಿಗಳ ತಟ್ಟೆಯ ಜೊತೆ ಕೊಟ್ಟ ಮನೆ ವೈನನ್ನು. ಕಪ್ಪು ದ್ರಾಕ್ಷಿ, ಸಕ್ಕರೆ, ಈಸ್ಟ್, ಕೆಲವರು ಗೋಧಿಯನ್ನೂ ಹಾಕುತ್ತಾರೆ. ತುಂಬಾ ಸಿಹಿ, ತುಂಬಾ ರುಚಿ. ನನಗೆ ಅದು ಇವತ್ತಿಗೂ ಇಷ್ಟ. ಆದರೆ ಆ ನೆನಪಿನಲ್ಲಿ ಹೋಗಿ ಒಂದು ಕ್ಯಾಬರ್ನೆ ಸಾವಿಗ್ನೋನ್ ತಂದು ಕುಡಿದರೆ ಒಗರು, ಹುಳಿ, ನಾಲಿಗೆ ಒಣಗಿದ ಹಾಗೆ. "ಇದು ಹಾಳಾಗಿದೆ" ಅಂತ ಸಿಂಕಿಗೆ ಸುರಿದವರನ್ನು ನಾನು ನೋಡಿದ್ದೇನೆ. ಹಾಳಾಗಿರುವುದಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಒಗರು ಅದು. ಎಳೆ ಗೇರುಹಣ್ಣು ತಿಂದವರಿಗೆ ಆ ಒಗರು ಹೊಸದೇನಲ್ಲ.

ಅದಕ್ಕೆ ಒಮ್ಮೆಲೇ ಅಲ್ಲಿಗೆ ಹೋಗಬೇಡಿ. ಮೊದಲು ರೋಸೆ ತೆಗೆದುಕೊಳ್ಳಿ. ಸುಲಾದ ಜಿನ್‌ಫಾಂಡೆಲ್ ರೋಸೆ ಗುಲಾಬಿ ಬಣ್ಣ, ಸ್ವಲ್ಪ ಸಿಹಿ, ಒಗರೇ ಇಲ್ಲ. ಕೋಳಿ ಘೀ ರೋಸ್ಟಿಗೆ ಇದನ್ನು ಬಿಟ್ಟು ಬೇರೆ ತರಬೇಡಿ ಅಂತಲೇ ಹೇಳುತ್ತೇನೆ. ಘೀ ರೋಸ್ಟಿನ ಬ್ಯಾಡಗಿ ಮೆಣಸಿನ ಜೊತೆ ಒಗರು ಜಾಸ್ತಿ ಇರುವ ಕೆಂಪು ವೈನ್ ಕುಡಿದರೆ ಖಾರ ಎರಡು ಪಾಲು ಆಗುತ್ತದೆ, ಬಾಯಿ ಉರಿ ಹಿಡಿದು ವೈನಿನ ರುಚಿಯೂ ಇಲ್ಲ, ಕೋಳಿಯ ರುಚಿಯೂ ಇಲ್ಲ. ರೋಸೆ ಅಭ್ಯಾಸ ಆದಮೇಲೆ ಶಿರಾಜ್, ಆಮೇಲೆ ಕ್ಯಾಬರ್ನೆ ಶಿರಾಜ್ ಮಿಶ್ರಣ.

ಆ ಮಿಶ್ರಣದಲ್ಲಿ ನನ್ನ ಮೊದಲ ಆಯ್ಕೆ ಗ್ರೋವರ್. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಕಂವಲ್ ಗ್ರೋವರ್ ಅವರು 1988ರಲ್ಲಿ ಶುರು ಮಾಡಿದ ಕಂಪನಿ. ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನಮ್ಮ ರಾಜ್ಯದ ಮಣ್ಣಿನಲ್ಲಿ ಬೆಳೆದು ವೈನ್ ಮಾಡಿ ತೋರಿಸಿದವರು. ಅವರ ಲಾ ರಿಸರ್ವ್ ಹೆಸರಾಂತದ್ದು, ಓಕ್ ಪೀಪಾಯಿಯಲ್ಲಿಟ್ಟು ಮಾಡುವಂಥದ್ದು, ಬೆಲೆಯೂ ಸ್ವಲ್ಪ ಮೇಲೆ. ದಿನನಿತ್ಯದ ಊಟಕ್ಕೆ ಅದು ಬೇಡ. ಅದೇ ಕಂಪನಿಯ ಸಾದಾ ಕ್ಯಾಬರ್ನೆ ಶಿರಾಜ್ ಸಾಕು. ದುಕ್ರಾಮಾಸ್ ಬಫಾತ್ ಮತ್ತು ಸಾನ್ನಾ ಇದ್ದ ದಿನ ಅದನ್ನು ತೆರೆಯಿರಿ. ಹಂದಿಯ ಕೊಬ್ಬಿಗೆ ಒಗರು ಬೇಕು, ಅಲ್ಲಿ ಅದು ಸರಿಯಾದ ಜಾಗದಲ್ಲಿ ಇರುತ್ತದೆ. ಸೊಲ್ಲಾಪುರದ ಅಕ್ಲೂಜ್ ಕಡೆಯ ಫ್ರಾಟೆಲಿಯವರ ಸಾಂಜೊವೇಸೆ ಕೂಡ ಒಳ್ಳೆಯದು, ಸ್ವಲ್ಪ ಹಗುರ. ಅದು ಇಟಲಿಯ ದ್ರಾಕ್ಷಿ, ಹುಳಿ ಹೆಚ್ಚು. ಕೋರಿ ರೊಟ್ಟಿಗೆ ನಾನು ಅದನ್ನು ಇಟ್ಟು ನೋಡಿದ್ದೇನೆ, ಹೊಂದುತ್ತದೆ. ಕೊಪ್ಪಳದ ಕಡೆ, ಹಂಪಿ ಬೆಟ್ಟಗಳಲ್ಲಿ ಮಾಡುವ ಕೃಷ್ಮಾ ವೈನ್ ಕೂಡ ಈ ಅಂಗಡಿಯಲ್ಲಿ ಕಂಡಿದ್ದೆ. ಬಹಳ ಒಳ್ಳೆಯ ವೈನ್, ಆದರೆ ಈ ಪಟ್ಟಿಯ ಬೆಲೆಗೆ ಸೇರುವುದಿಲ್ಲ. ಮದುವೆ ವರ್ಷಾಚರಣೆಗೆ ಇಟ್ಟುಕೊಳ್ಳಿ.

ಸಿಹಿಯೇ ಬೇಕು ಅನ್ನುವವರು ನಾಚಿಕೆಪಡಬೇಕಾಗಿಲ್ಲ. ಪೋರ್ಟ್ ಅಂತ ಲೇಬಲ್ ಇರುವ ನಮ್ಮ ದೇಶದ ಸಿಹಿ ವೈನ್‌ಗಳು ಎಲ್ಲಕ್ಕಿಂತ ಅಗ್ಗ. ನನಗೆ ಮಾತ್ರ ಅವುಗಳಲ್ಲಿ ಹೆಚ್ಚಿನವು ಬರೀ ಸಕ್ಕರೆ ಪಾಕ ಅನಿಸುತ್ತದೆ. ಅದಕ್ಕಿಂತ ಸ್ವಲ್ಪ ದುಡ್ಡು ಸೇರಿಸಿ, ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನವರ ಬಿಗ್ ಬನಿಯನ್ ಬೆಲಿಸಿಮಾ ಕೇಳಿ. ಹಣ್ಣನ್ನು ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು, ಸಿಹಿ ಏರಿದ ಮೇಲೆ ಕೊಯ್ದು ಮಾಡುವ ವೈನ್ ಅದು. ಸಕ್ಕರೆ ಸುರಿದ ಸಿಹಿ ಅಲ್ಲ, ದ್ರಾಕ್ಷಿಯದೇ ಸಿಹಿ. ಊಟ ಆದಮೇಲೆ ಸಣ್ಣ ಲೋಟದಲ್ಲಿ ಸ್ವಲ್ಪ ಕುಡಿದರೆ ಸಾಕಾಗುತ್ತದೆ. ನಮ್ಮ ಅತ್ತೆ ವೈನ್ ಅಂದರೆ ದೂರ ಹೋಗುತ್ತಿದ್ದವರು, ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಮನೆಗೆ ತಂದ ಮೇಲೆ ಏನು ಮಾಡಬೇಕು? "ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು" ಅಂತ ಎಲ್ಲರೂ ಹೇಳುತ್ತಾರೆ. ಆ ರೂಮು ಯುರೋಪಿನದ್ದು, ಮಂಗಳೂರಿನದ್ದಲ್ಲ. ನಮ್ಮ ಕೋಣೆಯ 30 ಡಿಗ್ರಿಯಲ್ಲಿ ಕೆಂಪು ವೈನ್ ಕುಡಿದರೆ ಬರೀ ಆಲ್ಕೋಹಾಲಿನ ಘಾಟು ಬರುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿ ವೈನ್, ರೋಸೆ ಆದರೆ ಎರಡು ಮೂರು ಗಂಟೆ ಬೇಕು. ತೆರೆದ ಬಾಟಲಿ ಉಳಿದರೆ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಡಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಇನ್ನೂ ಉಳಿದರೆ ಅಡುಗೆಗೆ ಹಾಕಿ.

ಈಗ ರಮ್, ವಿಸ್ಕಿ ಕಡೆ ಬರೋಣ. ಇವುಗಳನ್ನು ನೀವು ಇದೇ ಅಂಗಡಿಯಲ್ಲಿ ಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ನಿಮ್ಮ ಮನೆ ಹತ್ತಿರದ ಎಂಎಸ್‌ಐಎಲ್ ಸಾಕು. ಸರಕಾರದ್ದೇ ಅಂಗಡಿ, ಎಂಆರ್‌ಪಿಗೇ ಕೊಡುತ್ತಾರೆ, ಬಿಲ್ ಕೂಡ ಸಿಗುತ್ತದೆ. ಎಲ್ಲಿ ಕೊಂಡರೂ ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಲೇಬಲ್ ಹರಿಯದೆ ಇದೆಯಾ ಅಂತ ನೋಡಿಕೊಳ್ಳಿ. ಕೆಲವು ಕಡೆ ಬಾಟಲಿಗೆ ಐದೋ ಹತ್ತೋ ರೂಪಾಯಿ ಜಾಸ್ತಿ ಕೇಳುತ್ತಾರೆ, "ಕೂಲಿಂಗ್ ಚಾರ್ಜ್" ಅಂತ. ಕೊಡಬೇಡಿ. ಈ ಬಿಜೈ ಅಂಗಡಿಯಲ್ಲಿ ಬಿಯರ್ ಫ್ರಿಜ್ಜಿನಿಂದ ಕೊಟ್ಟರೂ ಅಷ್ಟೇ ತೆಗೆದುಕೊಳ್ಳುತ್ತಾರೆ.

ರಮ್ ಅಂದರೆ ಎಲ್ಲರ ಬಾಯಲ್ಲೂ ಓಲ್ಡ್ ಮಾಂಕ್. ಮೋಹನ್ ಮೀಕಿನ್‌ನವರು 1954ರಿಂದ ಮಾಡುತ್ತಿರುವುದು. ಅದರ ಬಗ್ಗೆ ಹೊಸದಾಗಿ ಹೇಳುವುದೇನಿದೆ, ಒಳ್ಳೆಯದೇ. ನಾನು ಹೇಳುವುದು ಅದರ ಪಕ್ಕದಲ್ಲಿ ಇರುವ ಓಲ್ಡ್ ಪೋರ್ಟ್ ರಮ್ ಬಗ್ಗೆ. ಅದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರದ್ದು, 1948ರಲ್ಲಿ ಶುರುವಾದ ಕಂಪನಿ. ಅವರ ಸಿಂಗಲ್ ಮಾಲ್ಟ್ ವಿಸ್ಕಿ (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬಾರ್ಲಿಯಿಂದಷ್ಟೇ ಮಾಡುವುದು) 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಯಾಗಿ ಹೆಸರು ಮಾಡಿತು. ಅದೇ ಮನೆಯ ರಮ್ ಇಷ್ಟು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಸ್ವಲ್ಪ ಜಾಸ್ತಿ ಖರ್ಚು ಮಾಡುವ ಮನಸ್ಸಿದ್ದರೆ ಅವರದ್ದೇ ಟೂ ಇಂಡೀಸ್ ರಮ್ ಇದೆ. ಕೆರಿಬಿಯನ್ ಕಡೆಯ ರಮ್ಮಿಗೆ ನಮ್ಮ ಬೆಲ್ಲದಿಂದ ಮಾಡಿದ ರಮ್ ಸೇರಿಸಿ ಮಾಡಿದ್ದು. ಕುಡಿಯುವಾಗ ಆ ಬೆಲ್ಲ ಗೊತ್ತಾಗುತ್ತದೆ. ಅದಕ್ಕೆ ಕೋಲಾ ಹಾಕಬೇಡಿ ಮಾರಾಯ್ರೆ. ಎರಡು ಐಸ್ ತುಂಡು, ಸ್ವಲ್ಪ ನೀರು ಹಾಕಿದರೆ ಸಾಕು. ಜುಲೈ ತಿಂಗಳ ಮಳೆಯಲ್ಲಿ, ಕರೆಂಟ್ ಹೋದ ಸಂಜೆ, ಹುರಿದ ಗೋಡಂಬಿ ಜೊತೆ ಅದಕ್ಕಿಂತ ಚಂದದ್ದು ನನಗೆ ಗೊತ್ತಿಲ್ಲ.

ವಿಸ್ಕಿ ಕೊಳ್ಳುವವರು ಲೇಬಲ್ ಓದುವ ಅಭ್ಯಾಸ ಮಾಡಿಕೊಳ್ಳಬೇಕು. ನಮ್ಮಲ್ಲಿ ಅಗ್ಗದ ವಿಸ್ಕಿಯ ಮೂಲ ಹೆಚ್ಚಾಗಿ ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಆ ಕಾಕಂಬಿಯಿಂದ ಸ್ಪಿರಿಟ್ ತೆಗೆದು, ಸ್ವಲ್ಪ ಮಾಲ್ಟ್ ಸೇರಿಸಿ, ಬಣ್ಣ, ರುಚಿ ಕೂಡಿಸುತ್ತಾರೆ. ಅದರಲ್ಲಿ ಮೋಸ ಇಲ್ಲ, ಹೆಚ್ಚಾಗಿ ಬಾಟಲಿ ಮೇಲೆ ಬರೆದಿರುತ್ತದೆ, ನಾವು ಓದುವುದಿಲ್ಲ ಅಷ್ಟೇ. "ಗ್ರೇನ್" ಅಂತ ಬರೆದಿದ್ದರೆ ಧಾನ್ಯದಿಂದ ತೆಗೆದದ್ದು. ಸುಮಾರು ಒಂದೇ ಬೆಲೆಯ ಎರಡು ಬಾಟಲಿ ಇದ್ದರೆ ನಾನು ಧಾನ್ಯದ್ದನ್ನು ಆರಿಸುತ್ತೇನೆ. ಬೆಂಗಳೂರಿನ ಖೋಡೇಸ್‌ನವರ ಪೀಟರ್ ಸ್ಕಾಟ್ ಹಳೆಯ ಹೆಸರು, 1968ರಿಂದ ಇದೆ. ನಮ್ಮ ಮನೆಯವರ ಸ್ನೇಹಿತರು ಬಂದಾಗ ಅದೇ ಬರುತ್ತದೆ, ಯಾರೂ ಬೇಡ ಅಂದಿಲ್ಲ.

ಒಳ್ಳೆಯ ಸಿಂಗಲ್ ಮಾಲ್ಟ್ ಒಮ್ಮೆ ಕುಡಿದು ನೋಡಬೇಕು ಅನ್ನುವವರು ಪಾಲ್ ಜಾನ್ ನಿರ್ವಾಣದಿಂದ ಶುರು ಮಾಡಿ. ಪಾಲ್ ಜಾನ್‌ನವರ ಮಾಲ್ಟ್ ತಯಾರಾಗುವುದು ಗೋವಾದಲ್ಲಿ. ನಿರ್ವಾಣ ಅವರ ಮಾಲ್ಟ್‌ಗಳಲ್ಲಿ ಅಗ್ಗದ್ದು, ಮೃದು, ಹೊಗೆ ವಾಸನೆ ಇಲ್ಲ. ಕೆಲವರು ಕೇಳುತ್ತಾರೆ, ಸ್ಕಾಚಿನ ಮೇಲೆ 12 ವರ್ಷ, 18 ವರ್ಷ ಅಂತ ಇರುತ್ತದೆ, ನಮ್ಮದರ ಮೇಲೆ ಯಾಕಿಲ್ಲ ಅಂತ. ಕಾರಣ ನಮ್ಮ ಸೆಕೆಯೇ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಶೇಕಡಾ 10, 12 ಹೋಗುತ್ತದೆ. ಅಲ್ಲಿಯ ಹಾಗೆ 18 ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದೇ ಸ್ವಲ್ಪ. ಆದರೆ ಅದೇ ಬಿಸಿಗೆ ಮರದ ರುಚಿಯೂ ಬೇಗ ಇಳಿಯುತ್ತದೆ, ಹಾಗಾಗಿ ನಾಲ್ಕೈದು ವರ್ಷದ ನಮ್ಮ ಮಾಲ್ಟ್ ಎಳೆಯದು ಅನಿಸುವುದಿಲ್ಲ. ವರ್ಷದ ಅಂಕಿ ನೋಡಿ ದುಡ್ಡು ಸುರಿಯಬೇಡಿ ಅಂತ ಇದಕ್ಕೇ ಹೇಳುವುದು.

ಜಿನ್ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ, ಯಾಕೆಂದರೆ ನಮ್ಮ ಊರಿನ ಹವೆಗೆ ಅದಕ್ಕಿಂತ ಹೊಂದುವ ಸ್ಪಿರಿಟ್ ಇಲ್ಲ. ಗೋವಾದಲ್ಲಿ ತಯಾರಾಗುವ ಗ್ರೇಟರ್ ದ್ಯಾನ್ 2017ರಲ್ಲಿ ಬಂತು. ರಮ್ಮಿಗಿಂತ ಬೆಲೆ ಜಾಸ್ತಿ, ಆದರೆ ವಿದೇಶದ ಜಿನ್ನಿನ ಪಕ್ಕ ಇಟ್ಟರೆ ತುಂಬಾ ಕಡಿಮೆ. ಎಲ್ಲರೂ ಟಾನಿಕ್ ವಾಟರ್ ಹಾಕುತ್ತಾರೆ, ಹಾಕಲಿ. ನೀವು ಪುನರ್ಪುಳಿ (ಕೋಕಮ್) ಹಾಕಿ ನೋಡಿ. ಒಣಗಿದ ಪುನರ್ಪುಳಿ ಸಿಪ್ಪೆಯನ್ನು ಮಧ್ಯಾಹ್ನವೇ ನೀರಿನಲ್ಲಿ ನೆನೆಹಾಕಿ, ಸಂಜೆ ಆ ಕೆಂಪು ನೀರನ್ನು ಸೋಸಿ, ಚಿಟಿಕೆ ಉಪ್ಪು, ಸ್ವಲ್ಪವೇ ಸಕ್ಕರೆ ಹಾಕಿ. ಒಂದು ಪಾಲು ಜಿನ್, ಎರಡು ಪಾಲು ಈ ನೀರು, ಮೇಲೆ ಸೋಡಾ, ಐಸ್. ಬಾಟಲಿಯಲ್ಲಿ ಸಿಗುವ ಪುನರ್ಪುಳಿ ಸಿರಪ್ ಹಾಕಬೇಡಿ, ಅದರಲ್ಲಿ ಸಕ್ಕರೆ ತುಂಬಾ ಇರುತ್ತದೆ, ಜಿನ್ನಿನ ಪರಿಮಳ ಮುಚ್ಚಿಹೋಗುತ್ತದೆ. ಬೆಂಗಳೂರಿನಿಂದ ಬಂದ ನೆಂಟರಿಗೆ ಇದನ್ನು ಕೊಟ್ಟರೆ ಪ್ರತಿ ಸಲ ಅದೇ ಕೇಳುತ್ತಾರೆ. ಅಮೃತ್‌ನವರ ನೀಲ್‌ಗಿರೀಸ್ ಜಿನ್ ಕೂಡ ಇದೆ, ಸಿಕ್ಕರೆ ತನ್ನಿ.

ಬ್ರಾಂದಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಆದರೆ ಈ ಅಂಗಡಿಯಲ್ಲಿ ಶನಿವಾರ, ಭಾನುವಾರ ಒಂದು ಕ್ವಾರ್ಟರ್ ಕೊಂಡು ಹೋಗುವ ಎಷ್ಟೋ ಜನ ಕೊರಗಜ್ಜ ದೈವದ ಅಗೇಲಿಗೆ, ಅಂದರೆ ನೈವೇದ್ಯಕ್ಕೆ, ತೆಗೆದುಕೊಂಡು ಹೋಗುವವರು. ಅವರಿಗೆ ಕೌಂಟರಿನ ಅಣ್ಣ ಬಾಟಲಿಯನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಬೇರೆ ಕವರಿನಲ್ಲಿ ಹಾಕಿ ಕೊಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ನನಗೆ ಅದು ತುಂಬಾ ಹಿಡಿಸಿತು.

ಇಲ್ಲಿ ಸಿಗದ್ದೂ ಇದೆ. ಗೇರುಹಣ್ಣಿನಿಂದ ತೆಗೆಯುವ ಫೆನಿ ಕೇಳಬೇಡಿ. ಗೋಡಂಬಿ ಫೆನಿಗೆ 2009ರಲ್ಲಿ ಗೋವಾದ ಹೆಸರಿನಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ, ಅದು ಅಲ್ಲಿಯದ್ದು. ಪುತ್ತೂರಿನಲ್ಲಿ ಗೇರು ಸಂಶೋಧನಾ ಕೇಂದ್ರವೇ ಇದೆ, ನಮ್ಮ ಗುಡ್ಡಗಳ ತುಂಬಾ ಗೇರು ಮರ ಇದೆ, ಆದರೂ ಬೀಜ ತೆಗೆದು ಹಣ್ಣನ್ನು ಅಲ್ಲೇ ಕೊಳೆಯಲು ಬಿಡುತ್ತೇವೆ. ನನಗೆ ಪ್ರತಿ ವರ್ಷ ಅದನ್ನು ನೋಡಿ ಬೇಸರ ಆಗುತ್ತದೆ. ಗೋವಾದಿಂದ ರೈಲಿನಲ್ಲಿ ಬಾಟಲಿ ತರುವ ಯೋಚನೆಯೂ ಬೇಡ. "ಗೋವಾದಲ್ಲಿ ಮಾತ್ರ ಮಾರಾಟಕ್ಕೆ" ಅಂತ ಅದರ ಮೇಲೇ ಅಚ್ಚಾಗಿರುತ್ತದೆ, ಕಾರವಾರ ದಾಟುವಾಗ ಅಬಕಾರಿಯವರ ಕೈಗೆ ಸಿಕ್ಕಿದರೆ ಉಳಿಸಿದ ದುಡ್ಡಿಗಿಂತ ಜಾಸ್ತಿ ಹೋಗುತ್ತದೆ. ಕಲಿ, ಅಂದರೆ ಶೇಂದಿ, ಬೇಕು ಅಂದರೆ ಅದನ್ನು ಇಳಿಸುವ ಮೂರ್ತೆದಾರರ ಸಂಘದ ಅಂಗಡಿಗೆ ಹೋಗಬೇಕು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಅದಕ್ಕೆ ಅವಕಾಶ ಇರುವುದು ನಮ್ಮ ಪುಣ್ಯ. ಬೆಳಿಗ್ಗೆ ಇಳಿಸಿದ ತಾಜಾ ಕಲಿ ಬೇರೆಯೇ ಒಂದು ಲೋಕ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಅಂಗಡಿಯಲ್ಲಿ ಸರಿ ಆಗಬೇಕಾದದ್ದನ್ನೂ ಹೇಳಬೇಕು. ಹಾಫ್ ಬಾಟಲಿ ವೈನ್ ತುಂಬಾ ಕಡಿಮೆ. ಇಬ್ಬರೇ ಇರುವ ಮನೆಗೆ 375 ಮಿಲಿಯ ಬಾಟಲಿ ಬೇಕಾಗುತ್ತದೆ, ಕೇಳಿದಾಗ "ಅದು ಓಡುವುದಿಲ್ಲ ಅಕ್ಕಾ" ಅನ್ನುತ್ತಾರೆ. ಇಟ್ಟರೆ ತಾನೇ ಓಡುವುದು? ಫ್ರಿಜ್ಜಿನಲ್ಲಿ ಪೂರ್ತಿ ಬಿಯರೇ ತುಂಬಿದೆ, ಬಿಳಿ ವೈನಿಗೆ ಒಂದು ಅಡ್ಡಸಾಲು ಬಿಟ್ಟುಕೊಟ್ಟರೆ ಅದೇ ದಿನ ಕುಡಿಯುವವರಿಗೆ ಉಪಕಾರ. ಬಿಯರಿನ ವಿಷಯದಲ್ಲಿ ಒಂದೇ ಮಾತು, ತಯಾರಾದ ದಿನಾಂಕ ನೋಡಿ. ಆರು ತಿಂಗಳ ಹತ್ತಿರ ಬಂದದ್ದು ಬೇಡ. ಸಂಜೆ ಹೊತ್ತು ಇರುವ ಹುಡುಗನಿಗೆ ವೈನಿನ ಬಗ್ಗೆ ಏನೂ ಗೊತ್ತಿಲ್ಲ, ಯಾವುದು ಕೇಳಿದರೂ "ಎಲ್ಲಾ ಒಳ್ಳೆಯದೇ" ಅನ್ನುತ್ತಾನೆ. ಒಳ್ಳೆಯ ಹುಡುಗ, ಆದರೆ ಅವನಿಗೆ ಯಾರಾದರೂ ಕಲಿಸಬೇಕು.

ಬೆಳಿಗ್ಗೆ 10ಕ್ಕೆ ತೆರೆಯುತ್ತಾರೆ, ರಾತ್ರಿ 10.30ಕ್ಕೆ ಮುಚ್ಚುತ್ತಾರೆ. 21 ತುಂಬದವರಿಗೆ ಕೊಡುವುದಿಲ್ಲ, ಮುಖ ನೋಡಿ ಸಂಶಯ ಬಂದರೆ ಕಾರ್ಡ್ ಕೇಳುತ್ತಾರೆ, ಕೇಳುವುದು ಸರಿಯೇ. ಗಾಂಧಿ ಜಯಂತಿಗೆ ಬಂದ್, ಚುನಾವಣೆ ಬಂದರೆ ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಬಂದ್. ಶನಿವಾರ ಸಂಜೆ ಏಳರ ನಂತರ ಹೋದರೆ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ, ಬಿಲ್ಲಿಗೂ ಕಾಯಬೇಕು. ವಾರದ ಮಧ್ಯೆ, ಬೆಳಿಗ್ಗೆ 11ರ ಹೊತ್ತಿಗೆ ಹೋಗಿ. ಆಗ ಕೌಂಟರಿನಲ್ಲಿ ಆ ಅಣ್ಣ ಇರುತ್ತಾರೆ, ಅವರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ. ಹೋದಾಗ ಹಾಫ್ ಬಾಟಲಿ ತರಿಸಿ ಅಂತ ನೀವೂ ಒಂದು ಮಾತು ಹೇಳಿ. ನಾನೊಬ್ಬಳೇ ಹೇಳಿದರೆ ತರಿಸುವ ಹಾಗೆ ಕಾಣುವುದಿಲ್ಲ.